ಅವ್ವನ ಮಾರಿ ಹೊತ್ತವಳು

ಹೋದ ವಾರ ಕಣಗಲಾದ ಹತ್ತಿರ ಹೆದ್ದಾರಿಯ ಬದಿಯ ರಸ್ತೆಯಲ್ಲಿ ನಮ್ಮ ಗಾಡಿ ನಿಂತಿತು. ಕುರಿಹಿಂಡು ದಾಟುತ್ತಿತ್ತು, ಮಳೆ ಆಗಷ್ಟೇ ಬಿಟ್ಟಿತ್ತು. ಡ್ರೈವರು ಹಾರ್ನ್ ಒತ್ತಿ ಒತ್ತಿ ಸಾಕಾಗಿ, ಕುರಿಗಳ ಏಳು ತಲೆಮಾರನ್ನು ಬೈಯುತ್ತ ಕೂತ. ನಾನು ಗಾಜು ಇಳಿಸಿದೆ. ತೊಯ್ದ ಉಣ್ಣೆಯ ವಾಸನೆ ಒಳಗೆ ನುಗ್ಗಿತು. ಮಳೆ ಅಂದರೆ ಕೆಲವರಿಗೆ ಮಣ್ಣಿನ ವಾಸನೆ, ಇನ್ನು ಕೆಲವರಿಗೆ ಮಿರ್ಚಿ ಭಜಿ. ನನಗೆ ಮಾತ್ರ ಕೆಲವು ವರ್ಷಗಳಿಂದ ಮಳೆ ಅಂದರೆ ಇದೇ ವಾಸನೆ. ಇದರ ಹಿಂದೆಯೇ ಮಸಗುಪ್ಪಿಯ ಲಗಮಪ್ಪನ ಮನೆ ಬರುತ್ತದೆ, ಅವನ ಇಬ್ಬರು ಮೊಮ್ಮಕ್ಕಳು ಬರುತ್ತಾರೆ, ನನ್ನ ಸಿಟ್ಟೂ ಬರುತ್ತದೆ. ಆ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯಲಿ ಎಂದು ನನಗೆ ಅನಿಸುವುದೂ ಇಲ್ಲ.

ಆ ಮಳೆಗಾಲ ನಾನು ಕ್ಯಾನ್ಸರ್ ಸಂಶೋಧನೆಯ ಒಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಅಲ್ಲಿ ನಡೆಯುತ್ತಿದ್ದುದನ್ನು ಸರಳವಾಗಿ ಹೇಳಬೇಕೆಂದರೆ ಹೀಗೆ. ಮನುಷ್ಯನ ಒಂದೊಂದು ಜೀವಕೋಶದಲ್ಲೂ ಸಾವಿರಾರು ಜೀನ್‌ಗಳಿರುತ್ತವೆ. ಅವುಗಳಲ್ಲಿ ಕೆಲವು ಗಾಡಿಯ ಬ್ರೇಕಿನಂಥವು, ಕೋಶ ಎಷ್ಟು ಬೆಳೆದು ಎಲ್ಲಿ ನಿಲ್ಲಬೇಕು ಎಂಬುದನ್ನು ಹಿಡಿದಿರುತ್ತವೆ. ಯಾವುದು ಬ್ರೇಕು, ಯಾವುದು ಬರೀ ಹಾರ್ನು ಎಂಬುದು ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ಅದಕ್ಕೆ ಗಾಜಿನ ತಟ್ಟೆಯಲ್ಲಿ ಲಕ್ಷಗಟ್ಟಲೆ ಕೋಶಗಳನ್ನು ಬೆಳೆಸಿ, ಒಂದೊಂದರಲ್ಲಿ ಒಂದೊಂದು ಜೀನನ್ನು ಮುರಿದು ಕಾಯುತ್ತಿದ್ದೆವು. ಹೆಚ್ಚಿನ ಕೋಶಗಳಿಗೆ ಏನೂ ಆಗುವುದಿಲ್ಲ. ಕೆಲವು ಸಾಯುತ್ತವೆ. ಎಲ್ಲೋ ಬೆರಳೆಣಿಕೆಯಷ್ಟು ಹುಚ್ಚು ಹಿಡಿದಂತೆ ಬೆಳೆಯತೊಡಗುತ್ತವೆ. ಆ ಹುಚ್ಚು ಹಿಡಿದವುಗಳನ್ನು ಹಿಡಿದು, ನಿನ್ನೊಳಗೆ ಮುರಿದದ್ದು ಯಾವುದಪ್ಪಾ ಎಂದು ವಿಚಾರಿಸುವುದೇ ನಮ್ಮ ಸ್ಕ್ರೀನಿಂಗ್.

ಆದರೆ ತಟ್ಟೆಯಲ್ಲಿ ಕಂಡದ್ದು ಮನುಷ್ಯರ ಮೈಯಲ್ಲೂ ಖರೆಯೋ ಅಲ್ಲವೋ ಎಂದು ತಿಳಿಯಲು ಮನುಷ್ಯರೇ ಬೇಕು. ಅದರಲ್ಲೂ ಒಂದೇ ಮನೆತನದಲ್ಲಿ ಮೇಲಿಂದ ಮೇಲೆ ಕ್ಯಾನ್ಸರ್ ಆದವರು ಬೇಕು. ಅಂಥ ಮನೆಗಳಿಗೆ ನಮ್ಮ ಸಾಹೇಬರು ‘ಬಹಳ ಒಳ್ಳೆಯ ಕುಟುಂಬ’ ಎನ್ನುತ್ತಿದ್ದರು. ಹೆಣ ಹೆಚ್ಚಾದಷ್ಟೂ ಕುಟುಂಬ ಒಳ್ಳೆಯದು. ನಾನು ಹುಕ್ಕೇರಿಯವಳು, ಈ ಕಡೆಯ ಮಾತು ಬರುತ್ತದೆ, ಹೆಂಗಸರು ‘ಬಾಯಾರ’ ಎಂದು ಗೌರವದಿಂದ ಕರೆದು ಅಡುಗೆ ಮನೆಯ ತನಕ ಬಿಟ್ಟುಕೊಳ್ಳುತ್ತಾರೆ. ಹಾಗಾಗಿ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಒಳ್ಳೆಯ ಕುಟುಂಬಗಳನ್ನು ಹುಡುಕಿ ರಕ್ತ ತರುವ ಕೆಲಸ ನನ್ನ ಕೊರಳಿಗೆ ಬಿತ್ತು.

ಎಲ್ಲಕ್ಕಿಂತ ಒಳ್ಳೆಯದು ಯಲ್ಲವ್ವನದು. ಅವಳು ಕಣಗಲಾದ ಮಗಳು, ಮಸಗುಪ್ಪಿಯ ಸೊಸೆ. ತಾಯಿ ಎದೆಯ ಕ್ಯಾನ್ಸರಿನಿಂದ ಸತ್ತಿದ್ದಳು, ತಂಗಿ ಮೂವತ್ತು ತುಂಬುವ ಮೊದಲೇ ಹೋಗಿದ್ದಳು, ಈಗ ಇವಳ ಸರದಿ. ಆಪರೇಷನ್ ಮಾಡಿ ತೆಗೆದ ಗಡ್ಡೆಯ ಒಂದು ಚೂರು ಅವಳ ಒಪ್ಪಿಗೆಯಿಂದ ನಮ್ಮ ಲ್ಯಾಬಿಗೆ ಬಂದಿತ್ತು. ಆದರೆ ಅಷ್ಟರಲ್ಲಿ ರೋಗ ಬೆನ್ನುಮೂಳೆಗೆ ಇಳಿದಿತ್ತು. ನಾನು ಹೋದಾಗ ಪಡಸಾಲೆಯಲ್ಲಿ ಕಂಬಳಿ ಹೊದ್ದು ಗೋಡೆಗೆ ಒರಗಿ ಕೂತಿದ್ದಳು. ಗಂಡ ಹಿಂಡಿನ ಜೊತೆ ದೂರ ಹೋಗಿದ್ದ. ಮನೆಯಲ್ಲಿ ಉಳಿದ ಕುರಿಗಳು ಅಂಗಳದಲ್ಲಿ ತೊಯ್ದು, ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು.

“ಬಾಯಾರ, ನಂದು ಮುಗೀತು. ನನಗ ಧೈರ್ಯ ಹೇಳಾಕ ಬರಬ್ಯಾಡ್ರಿ,” ಅಂದಳು ಯಲ್ಲವ್ವ. “ಈ ಎರಡು ಹುಡುಗ್ಯಾರೊಳಗ ಯಾರಿಗೆ ಬರೂದೈತಿ, ಅಷ್ಟ ಹುಡುಕಿ ಹೇಳ್ರಿ. ನಾ ಇರೂದ್ರಾಗ ಹೇಳ್ರಿ. ಆಕೀನ್ನಾರ ಉಳಿಸಿ ಹೋಗ್ತೇನಿ.”

ಹಿರಿಯವಳು ರೇಣುಕಾ, ಕಿರಿಯವಳು ಸುನಂದಾ, ಇಬ್ಬರಿಗೂ ಇಪ್ಪತ್ತರ ಆಚೆ ಈಚೆ ವಯಸ್ಸು. ರೇಣುಕಾ ಅಂದರೆ ಯಲ್ಲವ್ವನನ್ನೇ ಎರಕ ಹೊಯ್ದಂತೆ, ಅದೇ ಕೆಂಪು ಬಣ್ಣ, ಅದೇ ಉದ್ದ ಮೂಗು, ನಗುವಾಗ ಅದೇ ಒಂದು ಕಡೆಗೆ ಸರಿಯುವ ತುಟಿ. ಸುನಂದಾ ಪೂರ್ತಿ ಅಜ್ಜನ ಪಡಿಯಚ್ಚು. ಅಗಲ ಹಣೆ, ಗಿಡ್ಡ ಮೂಗು, ಕಪ್ಪು ಮೈ, ಓಣಿ ತುಂಬ ಕೇಳುವ ದನಿ. ಕೌಜಲಗಿಗೆ ಕೊಟ್ಟ ಸೋದರತ್ತೆ ಬಾಳವ್ವನ ಮಗ ಮಹಾದೇವನಿಗೆ ರೇಣುಕಾಳನ್ನು ಕೊಡುವುದೆಂದು ಮೊದಲೇ ಮಾತಾಗಿತ್ತು. ದೀಪಾವಳಿ ಆದ ಮೇಲೆ ಮದುವೆ.

ಅಜ್ಜ ಲಗಮಪ್ಪ, ಅಂದರೆ ಯಲ್ಲವ್ವನ ಮಾವ, ಕೆಟ್ಟ ಮನುಷ್ಯನಲ್ಲ. ಕೆಟ್ಟವನಾಗಿದ್ದರೆ ನನಗೆ ಬೈಯಲು ಅನುಕೂಲವಾಗುತ್ತಿತ್ತು. ಸೊಸೆಯನ್ನು ಆಸ್ಪತ್ರೆಗೆ ಬೆನ್ನ ಮೇಲೆ ಹೊತ್ತು ಬಸ್ಸು ಹತ್ತಿಸಿದವನು ಅವನೇ. ಆದರೆ ಅವನಿಗೆ ಜಗತ್ತೆಲ್ಲ ಕುರಿಹಿಂಡು. ಹಿಂಡಿನಲ್ಲಿ ಒಂದು ತಾಯಿಕುರಿ ಕುಂದಿ ಸತ್ತರೆ ಅದರ ಮರಿಗಳ ಮುಖ ನೋಡುತ್ತಿದ್ದ. ತಾಯಿಯ ಮುಖ ಹೊತ್ತ ಮರಿಯನ್ನು ಸಂತೆಗೆ ಹೊಡೆಯುತ್ತಿದ್ದ, ಟಗರಿನ ಮುಖ ಹೊತ್ತದ್ದನ್ನು ಸಾಕುತ್ತಿದ್ದ. ಅವನ ಅಪ್ಪನೂ ಹಾಗೇ ಮಾಡಿದ್ದ, ಅಪ್ಪನ ಅಪ್ಪನೂ ಹಾಗೇ.

“ಮಾರಿ ಬಂದ ಕಡಿಂದನ ರೋಗ ಬರ್ತೈತಿ ಬಾಯಾರ,” ಅಂದ. ಮಾರಿ ಅಂದರೆ ಈ ಕಡೆ ಮುಖ.

“ಎಲ್ಲಾ ಸಲ ಖರೆ ಆಗೇತೇನ ಕಾಕಾ?” ಎಂದು ಕೇಳಿದೆ.

“ನನ್ನ ಹಿಂಡ ನೋಡ್ರಿ, ಹೆಂಗೈತಿ.”

“ಹಿಂಡು ಚಲೋ ಐತಿ. ಮಾರಿದ ಮರಿ ಮುಂದ ಏನಾದವು?”

“ಸಂತ್ಯಾಗ ಕೊಟ್ಟ ಮರಿ ಹೆಂಗ ಬಾಳತು ಅಂತ ಯಾರ ನೋಡಾಕ ಹೋಗ್ತಾರ್ರಿ?” ಎಂದು ನಕ್ಕ.

ನಾನೂ ನಕ್ಕೆ. ನಮ್ಮ ಕಸುಬಿನಲ್ಲಿ ಎಸೆಯುವ ತಟ್ಟೆಯನ್ನೂ ಎಣಿಸಿಯೇ ಎಸೆಯಬೇಕು, ಇಲ್ಲದಿದ್ದರೆ ನಮ್ಮ ನಂಬಿಕೆಯೇ ನಮಗೆ ಪುರಾವೆ ಆಗಿಬಿಡುತ್ತದೆ. ಲಗಮಪ್ಪ ಮೂರು ತಲೆಮಾರಿನಿಂದ ಎಣಿಸದೇ ಎಸೆದಿದ್ದ. ಆಗ ಅದು ನನಗೆ ಕುರಿ ಕಾಯುವವರ ತಮಾಷೆಯ ಮಾತಾಗಿ ಕಂಡಿತು, ಅಷ್ಟೇ.

ರಕ್ತ ತೆಗೆಯಲು ಕೂತಾಗ ಲಗಮಪ್ಪ ರೇಣುಕಾಳನ್ನು ಮಾತ್ರ ಮುಂದೆ ತಂದು ಕೂರಿಸಿದ. “ಸಣ್ಣಾಕೀದು ಯಾಕ್ರಿ? ಆಕಿ ನಮ್ಮ ಕಡೀಕಿ.”

“ಇಬ್ಬರದೂ ತಗೊಳ್ರಿ,” ಎಂದು ಯಲ್ಲವ್ವ ಗೋಡೆಯ ಕಡೆಯಿಂದ ಕೂಗಿದಳು. ಆ ಮನೆಯಲ್ಲಿ ಅವಳು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಸುನಂದಾ ನಗುತ್ತ ತೋಳು ಚಾಚಿದಳು. “ನಂದೂ ಇರಲಿ ತಗೊಳ್ರಿ ಅಕ್ಕಾರ, ಒಂದ ಸೊಳ್ಳಿ ಕಡದಂಗ.” ಸೀಸೆಯ ಮೇಲೆ ಹೆಸರು ಬರೆದು, ಅವರವರ ಹೆಸರನ್ನು ಅವರವರ ಬಾಯಿಂದಲೇ ಗಟ್ಟಿಯಾಗಿ ಓದಿಸಿ ಪೆಟ್ಟಿಗೆಗೆ ಹಾಕಿದೆ.

ಆಮೇಲೆ ಮಳೆ ಕಚ್ಚಿ ಹಿಡಿಯಿತು. ಘಟಪ್ರಭೆ ದಂಡೆ ಮೀರಿತು. ಸೇತುವೆಗಳು ಮುಳುಗಿ, ಗೋವಿನಜೋಳದ ಹೊಲಗಳಲ್ಲಿ ತೆನೆಯ ತುದಿ ಮಾತ್ರ ಕಾಣುವಂತಾಯಿತು. ನಾನು ಲ್ಯಾಬಿನಲ್ಲೇ ಉಳಿದೆ. ಯಲ್ಲವ್ವನ ಗಡ್ಡೆಯ ಕೋಶಗಳನ್ನು ನಾನೇ ನೋಡಿಕೊಳ್ಳುತ್ತಿದ್ದೆ. ಅವುಗಳಿಗೆ ಹೊತ್ತು ಹೊತ್ತಿಗೆ ಗುಲಾಬಿ ಬಣ್ಣದ ದ್ರವದ ಊಟ. ಅತ್ತ ಮಸಗುಪ್ಪಿಯಲ್ಲಿ ಅವಳ ಗಂಟಲಲ್ಲಿ ಗಂಜಿ ಇಳಿಯುತ್ತಿರಲಿಲ್ಲ, ಇತ್ತ ಅವಳ ಕೋಶಗಳು ಉಂಡು ಉಂಡು ತಟ್ಟೆ ತುಂಬಿ ಇನ್ನೊಂದು ತಟ್ಟೆ ಕೇಳುತ್ತಿದ್ದವು. ಸಾಯಲು ಒಪ್ಪದ ಜೀವ ಎಂದರೆ ಅದು. ಅದನ್ನು ನೋಡಿ ನನಗೆ ಅಸಹ್ಯವಾಗುತ್ತಿತ್ತು, ಆದರೂ ಒಂದು ಹೊತ್ತು ತಪ್ಪಿಸದೆ ಊಟ ಹಾಕಿದೆ.

ಶ್ರಾವಣದಲ್ಲಿ ಸಿಕ್ಕಿತು. ಸ್ಕ್ರೀನಿಂಗಿನಲ್ಲಿ ಹುಚ್ಚು ಹಿಡಿದ ಕೋಶಗಳನ್ನು ಸೋಸಿ ಸೋಸಿ ಕೊನೆಗೆ ಉಳಿದ ಜೀನ್‌ಗಳಲ್ಲಿ ಒಂದು, ಅದುವರೆಗೆ ಯಾರೂ ಸ್ತನ ಕ್ಯಾನ್ಸರಿನ ಲೆಕ್ಕಕ್ಕೆ ಹಿಡಿಯದಿದ್ದ ಒಂದು ಬ್ರೇಕು, ಯಲ್ಲವ್ವನ ರಕ್ತದಲ್ಲಿ ಹುಟ್ಟಿನಿಂದಲೇ ಅರ್ಧ ಮುರಿದಿತ್ತು. ಗಡ್ಡೆಯಲ್ಲಿ ಪೂರ್ತಿ ಮುರಿದಿತ್ತು. ಸಾಹೇಬರು ಕುಣಿಯುವುದೊಂದು ಬಾಕಿ. ನಾನು ಊರಿನಿಂದ ತಂದಿಟ್ಟಿದ್ದ ಗೋಕಾಕದ ಕರದಂಟಿನ ಡಬ್ಬಿ ಒಡೆದು ಎಲ್ಲರಿಗೂ ಹಂಚಿದೆ. ಬೆಲ್ಲ ಹಲ್ಲಿಗೆ ಅಂಟಿಕೊಂಡಿರುವಾಗಲೇ ರೇಣುಕಾಳ ಫೋನು ಬಂತು.

“ಅವ್ವ ಹೋದಳ್ರಿ ಅಕ್ಕಾರ. ಕಡೀತನಕ ನಿಮ್ಮ ಫೋನ್ ಬಂತೇನ, ಬಂತೇನ ಅಂತ ಕೇಳಾಕತ್ತಿದ್ಲು. ಸಿಕ್ಕತೇನ್ರಿ ಅದು?”

ಬಾಯಿ ತುಂಬ ಕರದಂಟು ಇಟ್ಟುಕೊಂಡು ನಾನು ‘ಹೂಂ’ ಅಂದೆ. ಅದಕ್ಕಿಂತ ಹೊಲಸು ‘ಹೂಂ’ ನನ್ನ ಬಾಯಿಂದ ಈವರೆಗೆ ಹೊರಟಿಲ್ಲ.

ನೀರು ಇಳಿದ ಮೇಲೆ ಮಕ್ಕಳಿಬ್ಬರ ಫಲಿತಾಂಶ ಹಿಡಿದು ಮಸಗುಪ್ಪಿಗೆ ಹೋದೆ. ಒಬ್ಬರದನ್ನು ಇನ್ನೊಬ್ಬರ ಮುಂದೆ ಹೇಳುವಂತಿಲ್ಲ, ಅದು ನಿಯಮ. ಮೊದಲು ರೇಣುಕಾಳನ್ನು ಕುರಿದೊಡ್ಡಿಯ ಹಿಂದೆ ಕರೆದುಕೊಂಡು ಹೋದೆ. ಅವಳಿಗೆ ಆ ಮುರಿದ ಜೀನ್ ಬಂದಿರಲಿಲ್ಲ. ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. ಅವಳು ನನ್ನ ಮುಂಗೈ ಹಿಡಿದಳು.

“ನನಗಿಲ್ಲ ಅಂದ್ರ ಸುನಂದಾಗೇನ್ರಿ?”

“ಅದನ್ನ ಆಕೀಗಷ್ಟ ಹೇಳೂದು ರೇಣುಕಾ.”

ಅವಳು ಅಲ್ಲೇ ಹಿಕ್ಕಿಯ ಮೇಲೆ ಕುಕ್ಕರಿಸಿ ಕೂತಳು.

ಸುನಂದಾ ಮಾತ್ರ ನಕ್ಕಳು. ಎಲ್ಲವನ್ನೂ ಬಿಡಿಸಿ ಹೇಳಿದ್ದೆ. ಇದು ರೋಗವಲ್ಲ, ರೋಗದ ದಾರಿ. ಆರು ತಿಂಗಳಿಗೊಮ್ಮೆ ತಪಾಸಣೆ, ವರ್ಷಕ್ಕೊಮ್ಮೆ ಸ್ಕ್ಯಾನ್. ಗಂಟು ಕಡಲೆಕಾಳಿನಷ್ಟು ಇರುವಾಗ ಸಿಕ್ಕಿದರೆ ಮೊಮ್ಮಕ್ಕಳನ್ನು ಎತ್ತಿ ಆಡಿಸಬಹುದು. ಅವಳು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. “ಅಕ್ಕಾರ, ನೀವು ಅದಲಬದಲ ಮಾಡೀರಿ. ಅಕ್ಕಂದು ನನಗ ಹೇಳಾಕತ್ತೀರಿ.” ಆಮೇಲೆ ನಾನು ತಡೆಯುವಷ್ಟರಲ್ಲಿ ಅಂಗಳಕ್ಕೆ ಓಡಿ ಅಜ್ಜನನ್ನು ಕೂಗಿ ಎಲ್ಲ ಹೇಳಿಬಿಟ್ಟಳು.

ಲಗಮಪ್ಪ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಜಗಳವಾಡಬಹುದಿತ್ತು. ಅವನು ನನ್ನನ್ನು ಕ್ಷಮಿಸಿದ. “ತಪ್ಪ ಎಲ್ಲಾರ ಕೈಯಾಗೂ ಆಗ್ತೈತಿ ಬಾಯಾರ. ನಾವು ಯಾರ ಮುಂದೂ ಹೇಳೂದಿಲ್ಲ, ನಿಮ್ಮ ನೌಕರಿಗೆ ಧಕ್ಕಿ ಬರಬಾರದು,” ಎಂದ. ನಾನು ಅಲ್ಲೇ, ಅವನ ಕಣ್ಣೆದುರೇ, ಸುನಂದಾಳ ರಕ್ತ ಇನ್ನೊಮ್ಮೆ ತೆಗೆದೆ. ಮುಂದಿನ ವಾರ ಅದೇ ಫಲಿತಾಂಶ ತಂದೆ. ಅವನು ಮತ್ತೂ ಮೆತ್ತಗೆ ಹೇಳಿದ: “ಮಷೀನು ಒಮ್ಮಿ ತಪ್ಪಿದ ಹಾದೀನ ಮತ್ತ ಹಿಡಿತಾವ್ರಿ. ಅವಕ್ಕೇನ ಮಾರಿ ಕಾಣತೈತೇನ?”

ಕಾಣುವುದಿಲ್ಲ, ಅದೇ ಅದರ ಪುಣ್ಯ ಎಂದು ನಾನು ಅಂದೆ. ಮುಖ ತಂದುಕೊಡುವ ಜೀನ್‌ಗಳು ಬೇರೆ, ಈ ಜೀನ್ ಬೇರೆ. ಕೆಂಪು ಬಣ್ಣ, ಉದ್ದ ಮೂಗು ತಾಯಿಯಿಂದ ಬಂದ ಮಾತ್ರಕ್ಕೆ ಇದೂ ಬರಬೇಕೆಂದಿಲ್ಲ, ಅವು ಬರದ ಮಾತ್ರಕ್ಕೆ ಇದು ಬಿಡಬೇಕೆಂದೂ ಇಲ್ಲ. ಗಂಟೆಗಟ್ಟಲೆ ಹೇಳಿದೆ. ನೀರಿನಲ್ಲಿ ಹೋಮ.

ಇಬ್ಬರಲ್ಲಿ ಒಬ್ಬಳಿಗೆ ಅದು ಬಂದಿದೆ ಎಂಬ ಸುದ್ದಿ ಕೌಜಲಗಿ ಮುಟ್ಟಿತು. ಬಾಳವ್ವ ಅಪ್ಪನ ಮನೆಗೆ ಬಂದಳು. ಚಾಲಾಕಿ ಹೆಂಗಸು. “ತಾಯಿಯಂಗ ಮಗಳು, ನೂಲಿನಂಗ ಸೀರಿ. ಹಿರೇಕಿ ಬ್ಯಾಡಪಾ, ನನಗ ಸಣ್ಣಾಕೀನ್ನ ಕೊಡು,” ಅಂದಳು. ಆದರೂ ಒಳಗೊಂದು ಅಳುಕು ಇತ್ತೇನೋ, ಸುನಂದಾಳನ್ನು ಮಿರಜಿಗೆ ಕರೆದೊಯ್ದು ಒಂದು ಖಾಸಗಿ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದಳು. ಅಲ್ಲಿ ಏನೂ ಸಿಗಲಿಲ್ಲ. ಸಿಗುವುದಾದರೂ ಹೇಗೆ? ಆ ಪರೀಕ್ಷೆ ಹುಡುಕುತ್ತಿದ್ದುದು ಆಗಲೇ ಹೆಸರಾದ ಕೆಲವು ಜೀನ್‌ಗಳನ್ನು. ನಮ್ಮದು ಇನ್ನೂ ತಟ್ಟೆಯಿಂದ ಈಗಷ್ಟೇ ತಲೆ ಎತ್ತಿದ್ದು, ನಮ್ಮ ಲ್ಯಾಬಿನ ಆಚೆ ಅದರ ಗುರುತೇ ಯಾರಿಗೂ ಇರಲಿಲ್ಲ.

“ಅವರು ಅದನ್ನ ಹುಡುಕೇ ಇಲ್ಲ ಬಾಳವ್ವ,” ಅಂದೆ.

“ಅಷ್ಟ ದೊಡ್ಡ ಲ್ಯಾಬಿನ್ಯಾಂವ ಹುಡುಕಲಾರದ್ದು ನಿಮಗಷ್ಟ ಸಿಕ್ಕತೇನ್ರಿ?” ಎಂದು ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆ ದಿನವೇ ಸುನಂದಾಳ ಹಣೆಗೆ ಭಂಡಾರ ಹಚ್ಚಿದರು. ಭಂಡಾರ ಹಚ್ಚಿ ಆದ ಮಾತನ್ನು ಆ ಜನ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ನನ್ನ ಕಣ್ಣೆದುರೇ ಒಂದು ಹುಡುಗಿಯನ್ನು ಹಣೆಗೆ ಅರಿಶಿಣ ಹಚ್ಚಿ ಸಾವಿನ ಕಡೆಗೆ ತಿರುಗಿಸಿದರು, ಎಲ್ಲರೂ ನಗುತ್ತಿದ್ದರು, ಅವಳೂ.

ರೇಣುಕಾ ತಂಗಿಯನ್ನು ಹಿತ್ತಲಿಗೆ ಕರೆದು ಕಾಲು ಹಿಡಿದಳಂತೆ. ಲಗ್ನ ಆಗು, ಆದರೆ ಆರು ತಿಂಗಳಿಗೊಮ್ಮೆ ಅಕ್ಕಾರ ಹೇಳಿದಲ್ಲಿಗೆ ಹೋಗಿ ಬಾ ಎಂದು ಬೇಡಿದಳಂತೆ. ಸುನಂದಾ ಹೇಳಿದ್ದು ಇಷ್ಟೇ: “ನಿನ್ನ ಗಂಡನ್ನ ನಾ ಮಾಡ್ಕೊಂಡೆ ಅಂತ ಹೊಟ್ಟಿಕಿಚ್ಚೇನ ನಿನಗ?”

ಮದುವೆಗೆ ನನ್ನನ್ನೂ ಕರೆದಿದ್ದರು. ಹೋದೆ. ಹೋಳಿಗೆ ಬಡಿಸಿದರು, ಎಲೆ ಬಿಟ್ಟು ಎದ್ದೆ. ಅಕ್ಕ ಎಲ್ಲಿ ಎಂದು ಕೇಳಿದೆ. ಬ್ಯಾನಿ ಹೊತ್ತ ಮಾರಿ ಮದುಮಗಳ ಕಣ್ಣಿಗೆ ಬೀಳಬಾರದೆಂದು ಅವಳನ್ನು ಕುರಿಗಳ ಜೊತೆ ಹೊಲಕ್ಕೆ ಕಳಿಸಿದ್ದರು. ಊರ ಹೊರಗೆ ಕಟಾವಾದ ಗೋವಿನಜೋಳದ ಹೊಲದಲ್ಲಿ ಸಿಕ್ಕಳು. ಆ ಮನೆಯಲ್ಲಿ ಆ ರೋಗದ ಭಯವಿಲ್ಲದ ಒಬ್ಬಳೇ ಮಗಳು ಅಲ್ಲಿ ಕೋಲು ಹಿಡಿದು ನಿಂತಿದ್ದಳು. ಹೊಲದ ತನಕ ಬ್ಯಾಂಡಿನ ಸದ್ದು ಕೇಳುತ್ತಿತ್ತು.

“ಊಟ ಆತೇನ್ರಿ ಅಕ್ಕಾರ?” ಎಂದು ಕೇಳಿದಳು. ನಾನು ಅತ್ತೆ. ಅವಳು ಅಳಲಿಲ್ಲ.

ಆ ಮಳೆಗಾಲ ಅಲ್ಲಿಗೆ ಮುಗಿಯಿತು. ಉಳಿದದ್ದು ಬರೀ ಬಾಲ. ನಮ್ಮ ಜೀನಿಗೆ ಹೆಸರು ಬಂತು, ಸಾಹೇಬರಿಗೆ ಬಡ್ತಿ ಬಂತು. ಆರಾರು ತಿಂಗಳಿಗೆ ನಾನು ಕೌಜಲಗಿಗೆ ಫೋನು ಮಾಡುತ್ತಿದ್ದೆ. ಸುನಂದಾ ಎತ್ತಿದರೆ ಸಾಕು, ಅದೇ ನಗು. “ಅಕ್ಕಾರ, ನಾ ರೇಣುಕಾ ಅಲ್ರಿ, ಸುನಂದಾ. ಮತ್ತ ಅದಲಬದಲ ಮಾಡಿದ್ರಿ ನೋಡ್ರಿ.” ಆಮೇಲಾಮೇಲೆ ಗಂಡ ಎತ್ತಿ ರಾಂಗ್ ನಂಬರ್ ಎಂದು ಇಡತೊಡಗಿದ. ಅವಳಿಗೊಂದು ಹೆಣ್ಣುಮಗುವಾಯಿತು. ಹಾಲುಣಿಸುವಾಗ ಎದೆಯಲ್ಲಿ ಗಂಟು ಸಿಕ್ಕಿತು. ಹಾಲು ಗಡ್ಡೆ ಕಟ್ಟಿದೆ ಎಂದು ಬಾಳವ್ವ ಎಲೆಕೋಸಿನ ಎಲೆ ಕಟ್ಟಿದಳು, ಬಿಸಿ ಉಪ್ಪಿನ ಶಾಖ ಕೊಟ್ಟಳು. ಯಾರಿಗೂ ಹೆದರಿಕೆಯಾಗಲಿಲ್ಲ. ಯಾಕೆ ಆಗಬೇಕು? ಅವಳು ಅಜ್ಜನ ಮಾರಿಯವಳು. ಮಗು ಹಾಲು ಬಿಡುವ ಹೊತ್ತಿಗೆ ಗಂಟು ಚರ್ಮ ಒಡೆದು ಹೊರಬಂದಿತ್ತು. ಆಸ್ಪತ್ರೆಯಲ್ಲಿ ಒಮ್ಮೆ ನನ್ನನ್ನು ನೋಡಿ ಸುನಂದಾ ಮುಖ ಗೋಡೆಗೆ ತಿರುಗಿಸಿಕೊಂಡಳು. ಅವಳ ದನಿ ಹೊರಬೀಳುತ್ತಿರಲಿಲ್ಲ. ಆ ವರ್ಷದ ದೀಪಾವಳಿಯನ್ನು ಅವಳು ಕಾಣಲಿಲ್ಲ.

ಮಗು ನೋಡಿಕೊಳ್ಳಲು ಒಂದು ಹೆಣ್ಣು ಬೇಕಾಯಿತು. ಹತ್ತಿರದ ರಕ್ತವೇ ಇರಲಿ ಎಂದು ಬಾಳವ್ವ ಮತ್ತೆ ಅಪ್ಪನ ಮನೆಗೆ ಬಂದಳು. ಬ್ಯಾನಿ ಮಾರಿ ಎಂದು ಬಿಟ್ಟ ರೇಣುಕಾಳನ್ನೇ ಕೇಳಿದಳು. ಈ ಮನೆಯಿಂದ ರೋಗ ತನ್ನ ಪಾಲು ತಗೊಂಡು ಹೋಯಿತು, ಇನ್ನು ಹೆದರಿಕೆಯಿಲ್ಲ ಎಂದಳಂತೆ. ರೇಣುಕಾ ತಂಗಿಯ ಮಗುವಿಗಾಗಿ ಒಪ್ಪಿದಳು. ಮೊದಲೇ ಸೇರಬೇಕಾಗಿದ್ದ ಮನೆಗೆ ತಂಗಿಯ ಹೆಣ ದಾಟಿ ಹೋದಳು.

ಹೋದ ವಾರ ಕಣಗಲಾದಿಂದ ನಾನು ನೇರ ಕೌಜಲಗಿಗೆ ಹೋದದ್ದು ಅವಳ ಮನೆಗೇ. ಲಗಮಪ್ಪನೂ ಬಂದಿದ್ದ. ಕಣ್ಣು ಮಂದವಾಗಿತ್ತು, ಕೋಲು ಬಂದಿತ್ತು. ಬಾಯಾರ ಬಂದರು ಎಂದು ಎದ್ದು ನಿಂತು ಕೈ ಮುಗಿದ. ಚಹಾ ಕುಡಿದಾದ ಮೇಲೆ, ತುಂಬ ದಿನದಿಂದ ಹೇಳಬೇಕೆಂದು ಇಟ್ಟುಕೊಂಡವನಂತೆ ನನ್ನ ಹತ್ತಿರ ಸರಿದ.

“ಬಾಯಾರ, ಆವತ್ತ ನಾ ಹೇಳಿದ್ದ ಖರೆ ಆತ್ರಿ. ಸುನಂದಾ ಕಡೀ ಕಡೀಕ ಬಡಕಲಾಗಿ, ಗಲ್ಲ ಬತ್ತಿ, ಮೂಗ ಉದ್ದಾಗಿ, ಹಂಗ ಅವರವ್ವನ ಮಾರಿ ಆಗಿತ್ತು. ಒಳಗ ಇದ್ದದ್ದು ಕಡೀಕ ಹೊರಗ ಬಂತು. ಮೊದಲ ನನ್ನ ಕಣ್ಣಿಗೆ ಬೀಳಲಿಲ್ಲ ಅಷ್ಟ.”

ಆ ರೋಗದಲ್ಲಿ ಸಾಯುವವರೆಲ್ಲ ಕೊನೆಗೆ ಒಂದೇ ಮುಖದವರಾಗುತ್ತಾರೆ ಕಾಕಾ, ನಾನು ನೂರಾರು ನೋಡಿದ್ದೇನೆ ಎಂದೆ. ಕೂಗಿಯೇ ಹೇಳಿದೆ. ಅವನು ಹೌದು ಹೌದು ಎಂದು ತಲೆ ಆಡಿಸಿದ, ಆವತ್ತು ಕ್ಷಮಿಸಿದ ಹಾಗೇ ಈಗಲೂ ನನ್ನನ್ನು ಕ್ಷಮಿಸಿದ. ಮೊಮ್ಮಗಳನ್ನು ನುಂಗಿದ ಮೇಲೂ ಆ ನಂಬಿಕೆಯ ಕೂದಲು ಕೊಂಕಿರಲಿಲ್ಲ. ಆಮೇಲೆ ಸುನಂದಾಳ ಮಗಳನ್ನು ತೊಡೆಯ ಮೇಲೆ ಎತ್ತಿ ಕೂರಿಸಿಕೊಂಡ.

“ಇದಕ್ಕ ಚಿಂತಿಲ್ಲ ಬಿಡ್ರಿ. ಇದಕ್ಕ ಅವ್ವನ ಮಾರಿ ಒಂದೀಟೂ ಇಲ್ಲ.”

ರೇಣುಕಾ ಬಾಗಿಲಲ್ಲಿ ನಿಂತಿದ್ದವಳು ಒಳಗೆ ಬಂದು ನನ್ನ ಎದುರು ಕೂತಳು. “ಅಕ್ಕಾರ, ಈಗ ಇದ್ರ ರಕ್ತ ತಗೊಳ್ರಿ. ಮಿರಜಿನ್ಯಾಗೂ ಈಗ ಆ ಜೀನ್ ನೋಡ್ತಾರಂತ.”

“ಸಣ್ಣ ಕೂಸಿನ ರಕ್ತ ತಗೊಂಡು ಇದನ್ನ ನೋಡಬಾರದು ರೇಣುಕಾ. ಆಕಿ ದೊಡ್ಡಾಕಿ ಆಗಿ, ತಾನ ಬೇಕು ಅಂದ ಮ್ಯಾಲ ನೋಡೂದು. ಅದು ನಿಯಮ,” ಎಂದೆ. ನಿಯಮ ಸರಿಯಾದದ್ದೇ.

ಅವಳು ಅಜ್ಜನ ಕಡೆ ನೋಡಿದಳು. ಅವನು ಮಂದಗಣ್ಣು ಕಿರಿದು ಮಾಡಿ, ಮಗುವಿನ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದು ಬಾಗಿಲ ಬೆಳಕಿಗೆ ಹೊರಳಿಸುತ್ತಿದ್ದ. ಮಗು ಆಟವೆಂದುಕೊಂಡು ನಗುತ್ತಿತ್ತು.

“ಅಲ್ಲೀತನಕ ಇವರು ಮಾರಿ ನೋಡ್ತಾರಲ್ರಿ,” ಅಂದಳು ರೇಣುಕಾ.